ಅತ್ತೆಯ ಚಪಾತಿಗೆ ಮಾವನ ಗಿಡ್ಡ ಗೋಧಿ

ನಮ್ಮ ಸೋದರಮಾವನಿಗೆ ಹುಚ್ಚು ಎಂದು ನಾನು ಯಾವತ್ತೂ ಹೇಳಿದವನಲ್ಲ. ಬಸವೇಶ್ವರನಗರದ ಅವರ ರಸ್ತೆಯವರೆಲ್ಲ ಹೇಳುತ್ತಿದ್ದರು, ನಾನು ಅಲ್ಲವೆನ್ನುತ್ತಿರಲಿಲ್ಲ, ಅಷ್ಟೆ! ನೀವೇ ಹೇಳಿ, ಮನೆ ಪಕ್ಕದ ಖಾಲಿ ಸೈಟಿನಲ್ಲಿ ಯಾರಾದರೂ ಗೋಧಿ ಬೆಳೆಯುತ್ತಾರೆಯೇ?

ಎಲ್ಲಕ್ಕೂ ಮೂಲ ಅತ್ತೆಯ ಸಕ್ಕರೆ ಕಾಯಿಲೆ. ಕಾಲಿನ ಗಾಯ ಮಾಯುತ್ತಿರಲಿಲ್ಲ. ಅನ್ನ ಬಿಟ್ಟು ಚಪಾತಿ ತಿನ್ನಿ ಎಂದು ಡಾಕ್ಟರು ಗದರಿಸಿದರೆ ಅತ್ತೆ, "ಅನ್ನ ಬಿಟ್ಟು ಬದುಕೋದಕ್ಕಿಂತ ತಿಂದೇ ಸಾಯ್ತೀನಿ ಬಿಡಿ" ಎಂದುಬಿಟ್ಟರು. ಮಾವ ಬೇಡಿದರು, ಬೈದರು, ಕೊನೆಗೆ ಶಪಥವನ್ನೇ ಮಾಡಿದರು. "ನಾನೇ ಗೋಧಿ ಬೆಳೆದು ತಂದು ಕೊಡ್ತೀನಿ. ಆಗ ಹೇಗೆ ಬೇಡ ಅಂತೀಯೋ ನೋಡೇಬಿಡೋಣ!"

ಕೃಷಿ ಕಾಲೇಜಿನ ಗೆಳೆಯರೊಬ್ಬರು ಎರಡು ಬಗೆಯ ಬೀಜ ಕೊಟ್ಟರು: ಹಳೆಯ ಉದ್ದ ತಳಿ, ಹೊಸ ಗಿಡ್ಡ ತಳಿ. ಗುಬ್ಬಿಗಳು ಹೆಕ್ಕಬಾರದೆಂದು ಮಾವ ಎರಡನ್ನೂ ನಾಲ್ಕು ಬೆರಳು ಆಳಕ್ಕೆ ಹೂತರು. ಉದ್ದದ್ದು ಮೊಳೆಯಿತು, ಗಿಡ್ಡದ್ದು ಹೊರಗೆ ಬರಲೇ ಇಲ್ಲ!

"ಗಿಡ ಗಿಡ್ಡ ಮಾಡೋ ವಂಶವಾಹಿ ಮೊಳಕೇನೂ ಗಿಡ್ಡ ಮಾಡುತ್ತೆ ಕಣಯ್ಯ. ಅಷ್ಟು ಆಳದಿಂದ ಹೇಗೆ ಮೇಲೆ ಬರುತ್ತೆ?" ಎಂದು ಗೆಳೆಯರು ನಕ್ಕರು.

ಮಾವ ಬಿಡುವ ಆಸಾಮಿಯೇ? ಗಿಡ್ಡದ್ದನ್ನು ಮತ್ತೆ ಬಿತ್ತಿದರು, ಈ ಸಲ ಮೇಲುಮೇಲೆ. ಗುಬ್ಬಿಗಳಿಗೆ ಹಬ್ಬ! ಆಫೀಸಿಗೆ ರಜೆ ಹಾಕಿ, ಆರಡಿ ಎತ್ತರದ ಮಾವ ಕೊಡೆ ಬೀಸುತ್ತ ಬೆದರುಗೊಂಬೆಯಂತೆ ನಿಂತರು. ಗುಬ್ಬಿಗಳು ಹೆದರಿದವೋ ಇಲ್ಲವೋ, ಪೋಸ್ಟ್‌ಮ್ಯಾನ್ ಮಾತ್ರ ಆ ರಸ್ತೆಗೆ ಬರುವುದನ್ನೇ ಬಿಟ್ಟ.

ಉದ್ದ ಗೋಧಿ ಎದೆಮಟ್ಟ ಬೆಳೆಯಿತು. ಎದುರುಮನೆಯವರು ಮೆಚ್ಚಿಕೊಂಡರು. "ಇದು ಫಸ್ಟ್‌ಕ್ಲಾಸ್ ಸಾರ್! ಆ ಕುಳ್ಳಂದು ಯಾಕೆ, ದಂಡ!"

"ಅದು ಬರೀ ಹುಲ್ಲು ಬೆಳೆಸ್ಕೊಂಡು ಮೆರೀತಿದೆ ಸಾರ್. ಈ ಕುಳ್ಳ, ಕಾಂಡಕ್ಕೆ ಹಾಕೋದನ್ನ ತೆನೆಗೆ ಹಾಕ್ತಾನೆ, ನೋಡ್ತಿರಿ!" ಎಂದರು ಮಾವ.

ಯೂರಿಯಾ ಹಾಕಿದ್ದಕ್ಕೆ ಉದ್ದದ್ದು ಇನ್ನಷ್ಟು ಉದ್ದವಾಯಿತು. ಶಿವರಾತ್ರಿ ಕಳೆದು ಒಂದು ಸಂಜೆ ಗಾಳಿ ಮಳೆ ಬಂದದ್ದೇ ತಡ, ಪೂರ್ತಿ ನೆಲಕಚ್ಚಿ ತೆನೆಯೆಲ್ಲ ಕೆಸರಿನಲ್ಲಿ ಕೊಳೆಯಿತು. ಗಿಡ್ಡದ್ದು ತುಂಬಿದ ತೆನೆ ಹೊತ್ತು ಗಟ್ಟಿಯಾಗಿ ನಿಂತಿತ್ತು.

ಮಾವನೇ ಕೊಯ್ದು, ಬಡಿದು, ಮಿಲ್ಲಿನಲ್ಲಿ ಬೀಸಿಸಿಕೊಂಡು ಬಂದು, ತಾವೇ ಚಪಾತಿ ಸುಟ್ಟರು. ಅಂಚೆಲ್ಲ ಕರಕಲು! ಗೊಣಗಲು ಬಾಯಿ ತೆರೆದ ಅತ್ತೆಯ ಕಣ್ಣು ಮಾವನ ಕೈ ಮೇಲೆ ಬಿತ್ತು. ಬರೀ ಪೆನ್ನು ಹಿಡಿದು ಗೊತ್ತಿದ್ದ ಅಂಗೈ ತುಂಬ ಬೊಬ್ಬೆ. ಅತ್ತೆ ಒಂದು ತುಂಡು ಮುರಿದು ಬಾಯಿಗಿಟ್ಟರು.

"ಹೇಗಿದೆಯೇ?" ಎಂದು ಮಾವ ಮೆಲ್ಲಗೆ ಕೇಳಿದರು.

"ಏನೂ ಚೆನ್ನಾಗಿಲ್ಲ ಕಣ್ರೀ" ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇನ್ನೊಂದು ಹಾಕಿ."