ದಳಪತಿಗೆ ನಂಬಿಕಸ್ತರು ಬೇಕಾಗಿದ್ದರು

ಕನ್ನಡಕದ ಅಂಗಡಿಯವನಿಗೆ ಆ ಭಾನುವಾರ ಇಬ್ಬರು ನಂಬಿಕಸ್ತರು ತುರ್ತಾಗಿ ಬೇಕಾಗಿದ್ದರು. ಅವನು ಆಡುವ ಮೊಬೈಲ್ ಆಟದ ಕೋಟೆಯೊಂದು ಸಂಜೆ ಆರಕ್ಕೆ ಶಾಶ್ವತವಾಗಿ ಮುಚ್ಚಲಿತ್ತು. ಒಳಗಿನ ರಾಕ್ಷಸನನ್ನು ಮೂವರು ಸೇರಿಯೇ ಕೊಲ್ಲಬೇಕು. ಕೊಂದವರಿಗೆ ಚಿನ್ನದ ಕಿರೀಟ. ಆಟದಲ್ಲಿ ತನಗೆ ತಾನೇ ‘ದಳಪತಿ’ ಎಂದು ಹೆಸರಿಟ್ಟುಕೊಂಡಿದ್ದ ಈ ಮಹಾನುಭಾವ ಮೂರು ತಿಂಗಳಿಂದ ಆ ಕಿರೀಟಕ್ಕೆ ಬಾಯಿಬಿಡುತ್ತಿದ್ದ. ಆದರೆ ಆನ್‌ಲೈನಿನಲ್ಲಿ ಸಿಕ್ಕ ಅಪರಿಚಿತರೆಲ್ಲ ಕೈಕೊಟ್ಟಿದ್ದರು. ಒಬ್ಬ ಯುದ್ಧದ ನಡುವೆ ಸ್ನಾನಕ್ಕೆ ಹೋದ. ಇನ್ನೊಬ್ಬ ರಾಕ್ಷಸನನ್ನು ಕಂಡೊಡನೆ ಆಟವನ್ನೇ ಫೋನಿನಿಂದ ಅಳಿಸಿಹಾಕಿದ.

ಹಾಗಾಗಿ ಈ ಸಲ ಗೊತ್ತಿದ್ದವರನ್ನೇ ಹಿಡಿದ: ಮೇಲಿನ ಮಹಡಿಯಲ್ಲಿದ್ದ ಹೆಂಡತಿಯ ತಮ್ಮ, ಕೆಳಗಿನ ಔಷಧದಂಗಡಿಯವನು. ಬೆಳಿಗ್ಗೆಯೇ ಇಬ್ಬರಿಗೂ ನಿಯಮ ಹೇಳಿದ. “ಯುದ್ಧದಲ್ಲಿ ಯಾರು ಅಲ್ಲಾಡ್ದೆ ನಿಂತ್ಕೋತಾರೋ ಅವರನ್ನ ದಳದಿಂದ ತೆಗೆಯೋದೇ. ಮುಲಾಜಿಲ್ಲ.”

“ನಾನೂ ಬರ್ಲೇನ್ರೀ? ಫೋನಿಗೆ ಹಾಕ್ಕೊಂಡಿದ್ದೀನಿ,” ಎಂದಳು ಹೆಂಡತಿ.

“ಇದು ಟೈಂಪಾಸ್ ಅಲ್ಲ ಕಣೇ. ಜವಾಬ್ದಾರಿ ಬೇಕು.”

ಜವಾಬ್ದಾರಿಯಿಲ್ಲದ ಹೆಂಡತಿ ಅವನ ಅಂಗಿಗೆ ಇಸ್ತ್ರಿ ಹಾಕಲು ಹೋದಳು.

ಐದು ಗಂಟೆಗೆ ಮೇಲಿನಿಂದ ಫೋನು. “ಭಾವ, ನನ್ನ ಹೆಂಡ್ತಿ ಹೊರಗೆ ಹೋಗಿದ್ದಾಳೆ, ಮಗು ಬಿಡ್ತಾ ಇಲ್ಲ. ನನ್ನ ಕೈಲಿ ಆಗಲ್ಲ.”

ದಳಪತಿ ಮೇಲಕ್ಕೆ ಓಡಿದ. “ಮಗೂನ ನಂಗೆ ಕೊಡು. ನೀನು ಕತ್ತಿ ಹಿಡಿ.” ಮಗುವನ್ನು ಹೆಂಡತಿಗೆ ಒಪ್ಪಿಸೋಣವೆಂದರೆ ಬೆಳಿಗ್ಗೆ ಆಡಿದ ಮಾತು ಅಡ್ಡ ಬಂತು. ಹಾಗೇ ಎತ್ತಿಕೊಂಡು ಔಷಧದಂಗಡಿಗೆ ಇಳಿದ.

“ಗಿರಾಕಿಗಳನ್ನ ಬಿಟ್ಟು ಹೇಗ್ರೀ ಆಡ್ಲಿ?” ಎಂದ ಔಷಧದಂಗಡಿಯವನು. ಆಟದಲ್ಲಿ ಗಾಯಕ್ಕೆ ಮದ್ದು ಹಚ್ಚುವ ಕೆಲಸ ಅವನದು, ಅವನಿಲ್ಲದೆ ಕಿರೀಟವಿಲ್ಲ.

“ಅಂಗಡಿ ನಾನು ನೋಡ್ಕೋತೀನಿ, ನೀವು ಒಳಗೆ ಹೋಗಿ.”

“ಔಷಧ ಮಾತ್ರ ಮುಟ್ಬೇಡಿ. ಬಂದವರನ್ನ ಕೂರಿಸಿ, ಸಾಕು.”

ಯುದ್ಧ ಶುರುವಾಯಿತು. ದಳಪತಿ ಫೋನನ್ನು ಕೌಂಟರಿನ ಮೇಲಿಟ್ಟು, ಒಂದು ಕೈಯಲ್ಲಿ ಮಗುವನ್ನು ತಟ್ಟುತ್ತ, ಇನ್ನೊಂದರಿಂದ ಗಿರಾಕಿಗಳಿಗೆ ಬೆಂಚು ತೋರಿಸಿದ.

“ನಾನು ಕೂರೋಕೆ ಬಂದಿಲ್ಲಯ್ಯಾ. ಹಲ್ಲು ನೋಯ್ತಿದೆ,” ಎಂದು ಮುದುಕನೊಬ್ಬ ರೇಗಿದ. ಅವನನ್ನು ಸಮಾಧಾನ ಮಾಡುವಷ್ಟರಲ್ಲಿ ಫೋನು ಮಗುವಿನ ಬಾಯಿಯಲ್ಲಿತ್ತು. ಕಿತ್ತು ಒರೆಸಿ ನೋಡಿದರೆ, ದಳಪತಿಯ ವೀರಯೋಧ ರಾಕ್ಷಸನ ಮುಂದೆ ದೀಪದ ಕಂಬದ ಹಾಗೆ ನಿಂತಿದ್ದ.

ಒಳಕೋಣೆಯಲ್ಲಿ ಔಷಧದಂಗಡಿಯವನು ಫೋನಿನಲ್ಲೇ ಭಾವಮೈದುನನನ್ನು ಕೇಳುತ್ತಿದ್ದುದು ಕಿವಿಗೆ ಬಿತ್ತು. “ದಳಪತಿ ಅಲ್ಲಾಡ್ತಾನೇ ಇಲ್ಲ. ತೆಗೀಲಾ? ನಿಯಮ ಅಂದ್ರೆ ನಿಯಮ.”

“ನಾನು ಇಲ್ಲೇ ಇದ್ದೀನ್ರೀ, ನಿಮ್ಮ ಅಂಗಡೀಲೇ,” ಎಂದ ದಳಪತಿ. ಫೋನು ಕಳೆದುಕೊಂಡ ಮಗುವಿನ ಅರಚಾಟದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಪರದೆಯ ಮೇಲೆ ಅಕ್ಷರ ಮೂಡಿತು: ನಿಮ್ಮನ್ನು ದಳದಿಂದ ತೆಗೆಯಲಾಗಿದೆ.

ಆರಕ್ಕೆ ಸ್ವಲ್ಪ ಮುಂಚೆ ಭಾವಮೈದುನ ಕುಣಿಯುತ್ತ ಇಳಿದು ಬಂದ. ಹಿಂದೆಯೇ ದಳಪತಿಯ ಹೆಂಡತಿ. “ಗೆದ್ವಿ ಭಾವ. ನಿಮ್ಮ ಜಾಗ ಖಾಲಿಯಾಯ್ತಲ್ಲ, ಅಕ್ಕನ್ನ ಸೇರಿಸ್ಕೊಂಡೆ.”

ಅವಳ ಫೋನಿನಲ್ಲಿ ಕಿರೀಟ ಹೊಳೆಯುತ್ತಿತ್ತು. ದಳಪತಿಗೆ ಅಳುವೇ ಬಂತು. “ನಿಂಗೆ ಆಡೋಕೆ ಹೇಗೆ ಬಂತು?”

“ಮೂರು ತಿಂಗಳಿಂದ ನೀವು ಸೋಲೋದನ್ನ ನೋಡಿದ್ದೀನಲ್ಲ. ನೀವು ಮಾಡೋದನ್ನ ಮಾಡ್ಲಿಲ್ಲ, ಅಷ್ಟೇ.”

ಒಳಗಿನಿಂದ ಬಂದ ಔಷಧದಂಗಡಿಯವನು ಸುತ್ತ ನೋಡಿದ. ಮಗು ದಳಪತಿಯ ಹೆಗಲ ಮೇಲೆ ನಿದ್ದೆಹೋಗಿತ್ತು. ಗಿರಾಕಿಗಳೆಲ್ಲ ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದರು.

“ಮುಂದಿನ ಭಾನುವಾರ ಹೊಸ ಕೋಟೆ ತೆರೀತಾರಂತೆ. ನೀವು ಬರ್ಲೇಬೇಕು,” ಎಂದ.

ದಳಪತಿಯ ಮುಖ ಅರಳಿತು. “ದಳಕ್ಕಾ?”

“ಅಂಗಡಿಗೆ. ನಿಮ್ಮಂಥ ನಂಬಿಕಸ್ತರು ಈಗಿನ ಕಾಲದಲ್ಲಿ ಎಲ್ಲಿ ಸಿಗ್ತಾರೆ ಹೇಳಿ?”