ಸಪೂರ, ದಢೂತಿ ಮತ್ತು ಡೆಲ್ಮರ್‌ನ ಗುರಿ

ಡೆಲ್ಮರ್ ಓಸ್ಟ್‌ಬಿಯ ಗುಂಡು ಗುರಿಗೆ ತಾಗದಿರುವುದಕ್ಕೆ ಡೆಲ್ಮರ್ ಓಸ್ಟ್‌ಬಿ ಕಾರಣನಲ್ಲ. ಇದನ್ನು ಅವನು ಮಿನೆಸೋಟದ ಲೂನ್ ಫಾಲ್ಸ್ ಊರಿನ ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿದ್ದ. ಮೊದಲು ಗಾಳಿ ಕಾರಣ ಎಂದ (ಶೂಟಿಂಗ್ ಕ್ಲಬ್ ಇರುವುದು ಹಳೆಯ ಬೆಣ್ಣೆ ಕಾರ್ಖಾನೆಯ ನೆಲಮಾಳಿಗೆಯಲ್ಲಿ, ಅಲ್ಲಿ ಗಾಳಿ ಬೀಸಿದ್ದನ್ನು ಕಂಡವರಿಲ್ಲ). ಆಮೇಲೆ ಹೊಸ ಕನ್ನಡಕ ಕಾರಣ ಎಂದ. ಕೊನೆಗೆ, ಕೆರೆಯ ಮಂಜುಗಡ್ಡೆ ಟ್ರಕ್ಕು ಹೊರುವಷ್ಟು ಗಟ್ಟಿಯಾದ ಹೊತ್ತಿಗೆ, ಅವನಿಗೆ ಪರಮಸತ್ಯದ ದರ್ಶನವಾಯಿತು: ತಪ್ಪೆಲ್ಲ ಪಿಸ್ತೂಲಿನದು.

ದರ್ಶನ ಸಕಾಲದಲ್ಲೇ ಆಗಿತ್ತು. ಕ್ಲಬ್ಬಿನ ನಾಲ್ವರ ತಂಡದಲ್ಲಿ ಒಂದು ಜಾಗ ಖಾಲಿ ಬಿದ್ದಿತ್ತು. ಆ ಜಾಗದವನು ಮೊಣಕಾಲು ನೋವೆಂದು ಚಳಿಗಾಲ ಕಳೆಯಲು ಅರಿಝೋನಾಕ್ಕೆ ಹಾರಿದ್ದ. ಗುರುವಾರ ಪಕ್ಕದ ಬರ್ಚ್ ಲೇಕ್ ಊರಿನವರೊಂದಿಗೆ ಪಂದ್ಯ. ಅದಕ್ಕೆ ಮೊದಲು, ಭಾನುವಾರ ಚರ್ಚ್ ಮುಗಿದ ಮೇಲೆ, ಯಾರು ಬೇಕಾದರೂ ಬಂದು ಹೊಡೆದು ತೋರಿಸಬಹುದು. ಆ ಒಂದು ಜಾಗಕ್ಕಾಗಿ ಡೆಲ್ಮರ್ ಕಾದಷ್ಟು ಮದುವೆಗೂ ಕಾದಿರಲಿಲ್ಲ.

ತಂಡದ ನಾಯಕ ಟೊಯ್ವೊ ಕಿವೇಲನಿಗೆ ಮಣಿಕಟ್ಟು ನೋವು. ತಾನೀಗ ಬಳಸದ ಎರಡು ಪಿಸ್ತೂಲುಗಳಲ್ಲಿ ಒಂದನ್ನು ಮಾರಿಬಿಡುವ ಯೋಚನೆಯಲ್ಲಿದ್ದ. "ಎರಡನ್ನೂ ಮನೆಗೆ ತಗೊಂಡು ಹೋಗು ಡೆಲ್. ಯಾವುದು ಕೈಗೆ ಒಗ್ಗುತ್ತೋ ಅದನ್ನ ಇಟ್ಕೋ" ಎಂದ. ಆ ಊರಿನಲ್ಲಿ ಪಿಸ್ತೂಲು ಕೊಳ್ಳುವುದೆಂದರೆ ಹೀಗೇ. ಹೆಣ್ಣು ನೋಡುವ ಶಾಸ್ತ್ರದಲ್ಲೂ ಇಷ್ಟು ಸಾವಧಾನ ಇರುವುದಿಲ್ಲ.

ಎರಡೂ ಪಾಯಿಂಟ್ ಟೂ ಟೂ. ಬುಡದ ಅಂಚಿಗೆ ಕುಟ್ಟಿದರೆ ಸಿಡಿಯುವ ಪುಟಾಣಿ ತೋಟಾ, ತೊಗರಿಕಾಳಿನಷ್ಟು ಗುಂಡು. ಹೊಡೆದರೆ ಒಗ್ಗರಣೆಗೆ ಸಾಸಿವೆ ಸಿಡಿದಷ್ಟೇ ಗಲಾಟೆ, ಕೈಗೆ ಒದೆತವೇ ಇಲ್ಲ. ಗುರಿಯ ಕಾಗದಕ್ಕಲ್ಲದೆ ಬೇರೆ ಯಾರಿಗೂ ಇವುಗಳಿಂದ ನೋವಾಗಬಾರದೆಂದೇ ಮಾಡಿದ ಸಾಧು ಜಾತಿ. ಒಂದಕ್ಕೆ ಕೊಳಲಿನಂಥ ತೆಳು ನಳಿಗೆ, ಅಜ್ಜನ ಊರುಗೋಲಿನ ಹಾಗೆ ಸವೆದು ನುಣುಪಾದ ಮರದ ಹಿಡಿ. ಇದು ಸಪೂರ. ಇನ್ನೊಂದರ ಭಾರವೆಲ್ಲ ಮೂತಿಯಲ್ಲಿ. ಎತ್ತಿ ಹಿಡಿದರೆ ತಿಂದು ಮಲಗಿದ ಬೆಕ್ಕಿನ ಹಾಗೆ ಅಲ್ಲಾಡದೆ ಕೂರುತ್ತಿತ್ತು. ಇದು ದಢೂತಿ. ಹೆಸರಿಟ್ಟವಳು ಡೆಲ್ಮರ್‌ನ ಹೆಂಡತಿ ಆರ್ಡಿಸ್.

"ಇವರಿಬ್ಬರು ಎದ್ದರೆ ನಾನು ಊಟಕ್ಕೆ ಬಡಿಸ್ತೀನಿ" ಎಂದಳು, ಆಲೂಗಡ್ಡೆ-ಮಾಂಸದ ಬಿಸಿ ಹಾಟ್‌ಡಿಶ್ ಪಾತ್ರೆ ಹಿಡಿದು, ಎರಡೂ ಪಿಸ್ತೂಲು ಮಲಗಿದ್ದ ಊಟದ ಮೇಜಿನ ಪಕ್ಕ ನಿಂತು.

"ಒಂದು ನಿಮಿಷ ಕಣೇ. ಈ ಕುದುರೆ ನೋಡು." ಡೆಲ್ಮರ್ ಖಾಲಿ ಸಪೂರವನ್ನು ಎತ್ತಿ, ಬೆರಳಿನಿಂದ ಎಳೆಯುವ ಆ ಪುಟ್ಟ ಕೊಕ್ಕೆಯನ್ನು ಪ್ರೀತಿಯಿಂದ ಸವರಿದ. "ಗಾಜಿನ ಕಡ್ಡಿ ಮುರಿದ ಹಾಗೆ ಬಿಡುತ್ತೆ. ಎಂಥಾ ಕೆಲಸಗಾರಿಕೆ! ಆದರೆ ಊಟದಲ್ಲಿ ಸ್ವಲ್ಪ ಚೂಸಿ. ಒಂದೇ ಥರದ ತೋಟಾ ತಿನ್ನೋದು. ಬೇರೆ ಕೊಟ್ಟರೆ ಗಂಟಲಿಗೆ ಸಿಕ್ಕಿಸ್ಕೊಂಡು ಕೂರುತ್ತೆ."

"ನಿಮ್ಮಮ್ಮನ ಹಾಗೆ."

"ದಢೂತಿ ಹಾಗಲ್ಲ, ಕೊಟ್ಟದ್ದೆಲ್ಲ ತಿನ್ನುತ್ತೆ."

"ನಿನ್ನ ಹಾಗೆ. ಪಾತ್ರೆ ಕೈ ಸುಡ್ತಿದೆ, ಡೆಲ್."

ವಾರವೆಲ್ಲ ಹೀಗೇ ಕಳೆಯಿತು. ಬೆಳಿಗ್ಗೆ ಸಪೂರವನ್ನು ಮೆಚ್ಚಿಕೊಂಡವನು ಕಾಫಿ ಕುಡಿಯುವಷ್ಟರಲ್ಲಿ ದಢೂತಿಯ ಪಕ್ಷ ಸೇರುತ್ತಿದ್ದ. ಕನ್ನಡಿಯ ಮುಂದೆ ಅಡ್ಡ ನಿಂತು, ಎಡಗೈಯನ್ನು ಪ್ಯಾಂಟಿನ ಜೇಬಿಗೆ ತುರುಕಿ, ಬಲಗೈಯನ್ನು ಚಾಚಿ, ಹಳೆಯ ಚಾಂಪಿಯನ್ನರ ಗತ್ತಿನಲ್ಲಿ ಹುಬ್ಬು ಗಂಟಿಕ್ಕುತ್ತಿದ್ದ. (ನಮ್ಮ ಲಿಪಿಯಲ್ಲಿ ಗಂಡನಿಗೆ ಕೊಂಬು ಬಂದರೆ ಗುಂಡನಾಗುತ್ತಾನೆ. ಅವರ ಲಿಪಿಯಲ್ಲಿ ಆ ಅನುಕೂಲ ಇಲ್ಲ; ಕನ್ನಡಿಯಲ್ಲಂತೂ ಕೊಂಬು ಸ್ಪಷ್ಟವಾಗಿ ಕಾಣುತ್ತಿತ್ತು.)

"ಸೋಫಾ ಆರಿಸುವಾಗಲೂ ಹೀಗೇ ಮಾಡಿದ್ದೆ" ಎಂದಳು ಆರ್ಡಿಸ್. "ನೀನು ಆರಿಸೋ ಅಷ್ಟರಲ್ಲಿ ಆ ಅಂಗಡೀನೇ ಮುಚ್ಚಿಹೋಯ್ತು."

ಆಗಲೇ ಡೆಲ್ಮರ್‌ಗೆ ಮಿಂಚಿನಂಥ ಉಪಾಯ ಹೊಳೆದದ್ದು. "ನೀನೂ ಬಾ ಭಾನುವಾರ! ಒಂದೇ ಹೊತ್ತಿಗೆ ನಾನು ಒಂದರಲ್ಲಿ ಹೊಡೀತೀನಿ, ನೀನು ಇನ್ನೊಂದರಲ್ಲಿ. ನನಗೋ ಅಭ್ಯಾಸದ ಬಲ ಇದೆ. ಪಿಸ್ತೂಲಿನ ನಿಜವಾದ ಗುಣ ಗೊತ್ತಾಗಬೇಕಾದರೆ ಏನೂ ಗೊತ್ತಿಲ್ಲದ ಕೈ ಬೇಕು."

"ಏನೂ ಗೊತ್ತಿಲ್ಲದ ಕೈ ಹಿಡಿದೇ ನಾನು ಇಷ್ಟು ವರ್ಷ ಸಂಸಾರ ಮಾಡಿದೀನಿ" ಎಂದಳು ಆರ್ಡಿಸ್. ಆದರೂ ಹೊರಟಳು. ಚರ್ಚಿನ ಹೆಂಗಸರೊಂದಿಗೆ ಕೂತು ಕೌದಿ ಹೊಲಿಯುವವಳು. ಭಾನುವಾರ ಮಧ್ಯಾಹ್ನ ಬೇರೆ ಕೆಲಸವಿರಲಿಲ್ಲ.

ನೆಲಮಾಳಿಗೆಯಲ್ಲಿ ಕಾಫಿ ವಾಸನೆ, ಮದ್ದಿನ ವಾಸನೆ. ಹಿಂದಿನ ಬೆಂಚಿನಲ್ಲಿ ತಂಡದ ಇಬ್ಬರು, ಅವರ ಮುಂದೆ ದುರ್ಬೀನು ಹಿಡಿದ ಟೊಯ್ವೊ. ಹೊಡೆಯುವವರು ನಿಲ್ಲುವ ಕಟ್ಟೆಗಳಲ್ಲಿ ಎರಡನೆಯದರಲ್ಲಿ ಡೆಲ್ಮರ್ ದಢೂತಿ ಹಿಡಿದು ನಿಂತ; ಆರ್ಡಿಸ್ ಮೂರನೆಯದರಲ್ಲಿ ಸಪೂರ ಹಿಡಿದು. ಎದುರಿನ ಗೋಡೆಗೆ ಸಾಲಾಗಿ ಕಪ್ಪು ಚಂದ್ರನಿರುವ ಹಾಳೆಗಳು, ಪ್ರತಿಯೊಂದರ ಮೇಲೂ ಅದರೆದುರಿನ ಕಟ್ಟೆಯ ಸಂಖ್ಯೆ.

"ಕುದುರೇನ ಎಳೀಬೇಡ, ಹಿಂಡು" ಎಂದು ಡೆಲ್ಮರ್ ಉಪದೇಶಿಸಿದ. "ಉಸಿರು ಅರ್ಧಕ್ಕೆ ಹಿಡಿ. ಎಡಗೈ ಜೇಬಲ್ಲಿ."

ಆರ್ಡಿಸ್ ಸ್ವೆಟರಿನ ಜೇಬಿಗೆ ಕೈ ಹಾಕಿದಳು. ಅಲ್ಲಿ ಒಂದು ಪೆಪ್ಪರ್‌ಮಿಂಟ್ ಸಿಕ್ಕಿತು. ಬಾಯಿಗೆ ಹಾಕಿಕೊಂಡಳು.

ಟೊಯ್ವೊ ಅಪ್ಪಣೆ ಕೊಟ್ಟ. ಸಾಸಿವೆ ಸಿಡಿಯಿತು. ಒಬ್ಬೊಬ್ಬರಿಗೆ ಹತ್ತು ಗುಂಡು. ನಡುವೆ ಹಿಂದಿನ ಬೆಂಚಿನಲ್ಲಿ ಯಾರೋ ಒಂದೆರಡು ಬಾರಿ ಕೆಮ್ಮಿದರು.

ಹಾಳೆಗಳನ್ನು ತಂದು ಮೇಜಿನ ಮೇಲೆ ಹರಡಿದಾಗ ಡೆಲ್ಮರ್‌ನ ಕಣ್ಣು ತೇವವಾಯಿತು. ಎರಡನೆಯ ಹಾಳೆಯ ಕಪ್ಪು ಚಂದ್ರನ ನಟ್ಟನಡುವೆ ತೂತುಗಳೆಲ್ಲ ಒಂದರ ಮೇಲೊಂದು ಬಿದ್ದು, ಕೋಟಿನ ಗುಂಡಿಯಷ್ಟಗಲದ ಒಂದೇ ಕಿಂಡಿಯಾಗಿತ್ತು. ಮೂರನೆಯ ಹಾಳೆ ಮಾತ್ರ ಇಲಿ ಓಡಾಡಿದ ಹಾಗಿತ್ತು.

"ದಢೂತಿ!" ಎಂದ ಡೆಲ್ಮರ್. "ನೋಡಿದ್ರಾ? ಕೈಗೆ ತಕ್ಕ ಪಿಸ್ತೂಲು ಸಿಕ್ಕರೆ ಏನಾಗುತ್ತೆ ಅಂತ! ಬೇಜಾರು ಮಾಡ್ಕೋಬೇಡ ಆರ್ಡಿಸ್. ನಿನ್ನದೂ ಕೆಲವು ಹಾಳೆಗೆ ಬಿದ್ದಿದೆಯಲ್ಲ, ಮೊದಲ ಸಲಕ್ಕೆ ಅಷ್ಟು ಸಾಕು. ಟೊಯ್ವೊ, ದಢೂತಿ ನನಗೇ. ಗುರುವಾರ ಎಷ್ಟು ಗಂಟೆಗೆ ಬರಲಿ?"

ಟೊಯ್ವೊ ಕಾಫಿ ಲೋಟದ ಒಳಗೆ ನೋಡಿದ. ಬೆಂಚಿನ ಇಬ್ಬರು ತಮ್ಮ ಬೂಟು ನೋಡಿಕೊಂಡರು. ಮಿನೆಸೋಟದ ಉತ್ತರಕ್ಕೆ ಹೋದಷ್ಟೂ ಮಂದಿ ಇನ್ನೊಬ್ಬರ ಮನಸ್ಸು ನೋಯಿಸಲು ಹೆಚ್ಚು ಹೆದರುತ್ತಾರೆ. ನೆರೆಯವರ ಮನೆಗೆ ಬೆಂಕಿ ಬಿದ್ದರೂ "ಈ ಕಡೆ ಸ್ವಲ್ಪ ಬೆಚ್ಚಗಿದೆ ಅಲ್ವಾ?" ಎಂದಾರು.

"ಅದು... ಚೆನ್ನಾಗಿದೆ ಡೆಲ್" ಎಂದ ಟೊಯ್ವೊ. ಮತ್ತೆ ಗಂಟಲು ಸರಿಪಡಿಸಿಕೊಂಡು, "ಆರ್ಡಿಸ್, ಗುರುವಾರ ನಿನಗೇನಾದರೂ ಕೆಲಸ ಇದೆಯಾ?"

"ಅವಳ್ಯಾಕೆ?" ಎಂದ ಡೆಲ್ಮರ್.

ಆರ್ಡಿಸ್ ಪೆಪ್ಪರ್‌ಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಸರಿಸಿದಳು.

"ಡೆಲ್, ನೀನು ಮೊದಲಿಂದಾನೂ ನನ್ನ ಹಾಳೆಗೆ ಹೊಡೀತಿದ್ದೆ. ಅಡ್ಡ ನಿಂತಿದ್ದೆಯಲ್ಲ, ಮೂಗು ಈ ಕಡೆಗಿತ್ತು. ಹೇಳಿದರೆ ನಿನಗೆ ಮುಜುಗರ ಆಗುತ್ತೆ ಅಂತ, ನಾನೇ ನಿನ್ನ ಹಾಳೆಗೆ ಹೊಡೆದೆ. ಅದು ಸುಮ್ಮನೆ ಖಾಲಿ ಇತ್ತು."

ಡೆಲ್ಮರ್ ನಾಯಕನತ್ತ ತಿರುಗಿದ.

"ಟೊಯ್ವೊ! ನಿನ್ನ ಕೈಯಲ್ಲಿ ದುರ್ಬೀನಿತ್ತಲ್ಲೋ. ನೋಡಲಿಲ್ವಾ?"

"ನೋಡಿದೆ ಮಾರಾಯ. ಮೊದಲನೇದು ಕೈ ತಪ್ಪಿರಬೇಕು ಅಂದ್ಕೊಂಡೆ. ಎರಡನೇದಕ್ಕೆ ಹೇಳೋಣ ಅಂತಿದ್ದೆ. ಮೂರನೇದು ಹೊಡೆದ ಮೇಲೆ, ಇಷ್ಟು ಹೊತ್ತು ಸುಮ್ಮನಿದ್ದು ಈಗ ಹೇಳಿದರೆ ಚೆನ್ನಾಗಿರಲ್ಲ ಅನ್ನಿಸ್ತು."

ಡೆಲ್ಮರ್ ಇಲಿ ಓಡಾಡಿದ ಹಾಳೆಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದ. "ಹತ್ತು ಹೊಡೆದಿದೀನಿ. ಇಲ್ಲಿ ಅಷ್ಟಿಲ್ಲವಲ್ಲ?"

ಬೆಂಚಿನವನೊಬ್ಬ ಬಹಳ ಸಂಕೋಚದಿಂದ ನಾಲ್ಕನೆಯ ಹಾಳೆಯನ್ನೂ ತಂದು ಪಕ್ಕದಲ್ಲಿಟ್ಟ. ನಾಲ್ಕನೆಯ ಕಟ್ಟೆಯಲ್ಲಿ ಅವತ್ತು ಯಾರೂ ನಿಂತಿರಲಿಲ್ಲ.

ಡೆಲ್ಮರ್ ಕುರ್ಚಿಯಲ್ಲಿ ಕುಸಿದ. ಆದರೆ ಮನುಷ್ಯ ಒಳ್ಳೆಯವನು. ಎಷ್ಟೇ ಆದರೂ ಒಳ್ಳೆಯ ಹೊಡೆತ ಕಂಡರೆ ಸೋಲುವವನು. ಆ ಕೋಟಿನ ಗುಂಡಿಯಂಥ ಕಿಂಡಿಯ ಮೇಲೆ ಬೆರಳಾಡಿಸಿದ. "ಆರ್ಡಿಸ್! ಎಂಥಾ ಕೈ ಕಣೇ ನಿನ್ನದು! ಅದೂ ಸಪೂರದಲ್ಲಿ! ಚಾಂಪಿಯನ್ನರಿಗೂ ಇಂಥದ್ದು ಬೀಳಲ್ಲ."

"ಸೂಜಿಗೆ ದಾರ ಪೋಣಿಸೋ ಹಾಗೆ ಮಾಡಿದೆ ಅಷ್ಟೆ" ಎಂದಳು ಆರ್ಡಿಸ್, ಕಿವಿಯವರೆಗೆ ಕೆಂಪಾಗಿ. "ಟೊಯ್ವೊ, ಈ ಸಪೂರವನ್ನೂ ಕೊಡ್ತೀಯಾ?"

ಕೊಟ್ಟ. ಎರಡೂ ಓಸ್ಟ್‌ಬಿ ಮನೆಗೇ ಹೋಗುವುದೆಂದಾಯಿತು. ತಂಡದ ನಾಲ್ಕನೆಯ ಜಾಗ ಆರ್ಡಿಸ್‌ಗೆ ಹೋಯಿತು. ಡೆಲ್ಮರ್‌ನ ಇಳಿದ ಮುಖ ನೋಡಲಾರದೆ ಟೊಯ್ವೊ ಅವನ ಹೆಗಲ ಮೇಲೆ ಕೈ ಹಾಕಿದ.

"ಡೆಲ್, ಬರ್ಚ್ ಲೇಕ್‌ನವರಿಗೂ ಒಬ್ಬರು ಕಡಿಮೆ ಇದಾರಂತೆ. ನೀನು ಅವರ ಕಡೆಯಿಂದ ಹೊಡೆದರೆ ದೊಡ್ಡ ಉಪಕಾರ ಆಗುತ್ತೆ."

ಡೆಲ್ಮರ್‌ನ ಎದೆ ಉಬ್ಬಿತು. ಬೇರೆ ಊರಿನವರಿಗೂ ತಾನು ಬೇಕು! ದಢೂತಿಯನ್ನು ಮಗುವಿನ ಹಾಗೆ ಡಬ್ಬಿಯಲ್ಲಿ ಮಲಗಿಸಿ, ಎಲ್ಲರ ಕೈ ಕುಲುಕಿ, ಹಿಮದಲ್ಲಿ ಟ್ರಕ್ಕು ಹೊರಡಿಸಿದ. ಬರ್ಚ್ ಲೇಕ್‌ನವರ ಭಾಗ್ಯವನ್ನು ದಾರಿಯುದ್ದಕ್ಕೂ ವರ್ಣಿಸಿದ. ಆರ್ಡಿಸ್ ಕಿಟಕಿಯಾಚೆ ನೋಡುತ್ತ "ಹೂಂ" ಎನ್ನುತ್ತಿದ್ದಳು.

ಸೇತುವೆ ದಾಟಿದ ಮೇಲೆ ಡೆಲ್ಮರ್ ಗಕ್ಕನೆ ಬ್ರೇಕ್ ಒತ್ತಿದ.

"ಅಲ್ಲ ಆರ್ಡಿಸ್... ಟೊಯ್ವೊ ಉಪಕಾರ ಅಂದನಲ್ಲ. ಯಾರಿಗೆ?"