ಬೇಡ ಅಂದರೆ ಬೇಡ ಎನ್ನುವ ದೇಶ

ನನ್ನ ಸೋದರಮಾವ ಹುಟ್ಟಿದ್ದು ಯಲಬುರ್ಗಾದಲ್ಲಿ ಎಂದು ಅವರ ಶಾಲೆಯ ದಾಖಲೆ ಹೇಳುತ್ತದೆ. ನಾನಂತೂ ನಂಬುವುದಿಲ್ಲ! ಅವರು ಬೇರೆ ಯಾವುದೋ ದೇಶದವರು. ವಾಪಸು ಹೋಗುವ ಬಸ್ಸು ತಪ್ಪಿ ನಮ್ಮಲ್ಲೇ ಉಳಿದುಬಿಟ್ಟಿದ್ದಾರೆ.

ಸಾಕ್ಷಿ ಬೇಕೇ? ಚಹಾದ ವಿಷಯವನ್ನೇ ತೆಗೆದುಕೊಳ್ಳಿ. ನಮ್ಮ ಕಡೆ ಮನೆಗೆ ಬಂದವರು ಮೊದಲ ಸಲಕ್ಕೇ ಚಹಾ ಒಪ್ಪಿಕೊಳ್ಳುವುದುಂಟೇ? ಎರಡು ಸಲ ಬೇಡ ಎನ್ನಬೇಕು, ಮೂರನೆಯ ಸಲ 'ಅರ್ಧ ಕಪ್ ಸಾಕ್ರಿ' ಎನ್ನಬೇಕು, ಆಮೇಲೆ ತುಂಬಿದ ಕಪ್ ಕುಡಿಯಬೇಕು. ಇದು ಶಾಸ್ತ್ರ. ಮಾವನ ಮಗಳನ್ನು ನೋಡಲು ಕುಷ್ಟಗಿಯಿಂದ ಗಂಡಿನ ಕಡೆಯವರು ಬಂದಾಗ ಮಾವನೇ ತಟ್ಟೆ ಹಿಡಿದು ಹೊರಗೆ ಹೋದರು.

"ಬ್ಯಾಡ್ರಿ, ಈಗಷ್ಟ ಕುಡದು ಬಂದೇವಿ," ಎಂದರು ಹುಡುಗನ ತಂದೆ.

ಮಾವ ಹಾಗೆಯೇ ತಿರುಗಿ ಒಳಗೆ ಬಂದು, ಒಂಬತ್ತೂ ಕಪ್ ಚಹಾವನ್ನು ಪಾತ್ರೆಗೆ ಸುರಿದರು. ಅತ್ತೆ ಹಣೆ ಹಣೆ ಬಡಿದುಕೊಂಡರು. "ಇನ್ನೊಮ್ಮಿ ಕೇಳಬಾರದೇನ್ರಿ?"

"ಯಾಕ? ಬ್ಯಾಡ ಅಂದಾರಲ್ಲ!"

ಸಂಬಂಧ ಹೇಗೋ ಕುದುರಿತು. ಆದರೆ ಆ ಬೀಗರು ಈಗಲೂ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದೇ ಮಾವನ ಮನೆಗೆ ಬರುತ್ತಾರೆ.

ಇನ್ನು ಮದುವೆಗಳು! ಬ್ಯಾಂಡು ಶುರುವಾದರೆ ಮಾವ ಮಾಯ. ಒಮ್ಮೆ ಅಳವಂಡಿಯ ಮದುವೆಯೊಂದರಲ್ಲಿ, ಊಟ ಮುಗಿಸಿ ಹೊರಬಂದವರಿಗೆ ಬಿಟ್ಟ ಜಾಗದಲ್ಲಿ ಒಬ್ಬರ ಚಪ್ಪಲಿಯೂ ಇರಲಿಲ್ಲ. ಮಾವ ಅಷ್ಟನ್ನೂ ಅಳತೆಯ ಪ್ರಕಾರ, ಸಣ್ಣದರಿಂದ ದೊಡ್ಡದಕ್ಕೆ, ಸಾಲಾಗಿ ಜೋಡಿಸಿಟ್ಟಿದ್ದರು!

"ನನ್ನ ಚಪ್ಪಲ್ ಎಲ್ಲಿ ಹೋದ್ವು?" ಹಿರಿಯರೊಬ್ಬರು ಕೂಗಾಡಿದರು.

ಮಾವ ಅವರ ಪಾದ ನೋಡಿದರು. "ಎಂಟನೇ ನಂಬರಿನ ಸಾಲಿನ್ಯಾಗ ನೋಡ್ರಿ."

"ನಾ ಹಾಕ್ಕೊಳ್ಳೋದು ಒಂಬತ್ತು!"

"ಹಂಗಾರ ಒಂಬತ್ತರ ಸಾಲಿನ್ಯಾಗ ನೋಡ್ರಿ. ಕಾಲು ಎಂಟು, ಅದಕ್ಕ ನೀವು ನಡಿವಾಗ ಅವು ಚಟಪಟ ಅಂತಾವ."

ಇಂಥದ್ದನ್ನೆಲ್ಲ ಹೇಳಿಕೊಂಡು ನಾನು ವರ್ಷಗಟ್ಟಲೆ ನಕ್ಕಿದ್ದೇನೆ. ಆಮೇಲೆ ನನ್ನ ಮಗಳಿಗೆ ಆರು ತುಂಬಿತು, ಕೊಪ್ಪಳದ ವೈದ್ಯರು ಆಟಿಸಂ ಎಂದರು. ನನ್ನ ನಗು ನಿಂತಿತು. ವೈದ್ಯರು ಸಮಾಧಾನ ಹೇಳಿದರು: "ಇಂಥವರಲ್ಲಿ ಕೆಲವರು, ನಮ್ಮದು ನಮ್ಮದೇ ಆದ ಒಂದು ಸಂಸ್ಕೃತಿ ಅಂತಾರಮ್ಮ."

"ಸಂಸ್ಕೃತಿ ಅಂದ್ರ ನಾಕು ಮಂದಿ ಬೇಕಲ್ರಿ, ಡಾಕ್ಟ್ರ? ನನ್ನ ಮಗಳು ಒಬ್ಬಾಕಿನ ಅದಾಳ," ಎಂದು ಸಿಟ್ಟಿನಿಂದಲೇ ಎದ್ದು ಬಂದೆ.

ಅವಳು ಆಡುವ ಮಾತೇ ಕಡಿಮೆ. ಅದರಲ್ಲಿ ಹೆಚ್ಚು ಸಲ ಆಡುವುದು 'ಬ್ಯಾಡ'. ಕೇಳುವವರು ಯಾರು? ಬೇಡ ಎಂದರೂ ಕೆನ್ನೆ ಹಿಂಡುತ್ತಾರೆ, ಬೇಡ ಎಂದರೂ ಬಾಯಿಗೆ ಹೋಳಿಗೆ ತುರುಕುತ್ತಾರೆ. ಸುಳ್ಳೇಕೆ ಹೇಳಲಿ, ನಾನೂ ತುರುಕಿದ್ದೇನೆ. ಈ ಲೋಕದಲ್ಲಿ ಇವಳಿಗೆ ತನ್ನವರು ಎನ್ನುವವರು ಯಾರು ಎಂಬ ಭಯ ಮಾತ್ರ ಎದೆಯಲ್ಲಿ ಕಲ್ಲಾಗಿ ಕುಳಿತಿತ್ತು.

ಮೊನ್ನೆ ಗಂಗಾವತಿಯಲ್ಲಿ ಮತ್ತೊಂದು ಮದುವೆ. ಬ್ಯಾಂಡು ಶುರುವಾಯಿತು, ಮಗಳು ಕಾಣಿಸಲಿಲ್ಲ! ಅಡುಗೆಮನೆ, ರಸ್ತೆ, ಹಿಂದಿನ ಕಾಲುವೆ ದಂಡೆ, ಎಲ್ಲ ಕಡೆ ಹುಚ್ಚಿಯಂತೆ ಓಡಿದೆ. ಕೊನೆಗೆ ಸಿಕ್ಕಿದ್ದು ಮಂಟಪದ ಹಿಂಬಾಗಿಲಿನ ಚಪ್ಪಲಿ ರಾಶಿಯ ಬಳಿ, ಮಾವನ ಪಕ್ಕದಲ್ಲಿ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವಳು ಒಂದೊಂದೇ ಜೋಡಿ ಕೊಡುತ್ತಿದ್ದಳು, ಅವರು ಸಾಲಿಗೆ ಸೇರಿಸುತ್ತಿದ್ದರು. ಒಂದು ಕೆಂಪು ಚಪ್ಪಲಿಗೆ ಮಾವ ಕೈ ಹಾಕಿದಾಗ ಅವಳು "ಬ್ಯಾಡ" ಎಂದಳು. ಮಾವ ತಕ್ಷಣ ಕೈ ಹಿಂದೆ ತೆಗೆದರು. ಯಾಕೆ ಎನ್ನಲಿಲ್ಲ, ರಮಿಸಲಿಲ್ಲ. ಅವಳು ಸ್ವಲ್ಪ ಯೋಚಿಸಿ ತಾನೇ ಅದನ್ನು ಸಾಲಿನಲ್ಲಿಟ್ಟಳು.

"ಮಾವಾ, ಈಕಿ ಇಲ್ಲಿಗೆ ಯಾಕ ಬಂದ್ಳು?"

"ಸಪ್ಪಳ ಅಲ್ಲೈತಿ, ಇಲ್ಲಿಲ್ಲ," ಎಂದರು, ಇಷ್ಟೂ ತಿಳಿಯದೇ ಎಂಬಂತೆ.

ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಇಬ್ಬರು ಸೇರಿದರೆ ಸಂಸ್ಕೃತಿಯೋ ಅಲ್ಲವೋ ಪಂಡಿತರು ಹೇಳಲಿ. ನನ್ನ ಮಗಳಿಗೆ ಅವಳ ದೇಶದವರು ಒಬ್ಬರು ಸಿಕ್ಕಿದ್ದರು. ಎದೆಯ ಕಲ್ಲು ಇಳಿಯಿತು, ಅತ್ತುಬಿಟ್ಟೆ.

"ಚಾ ಬೇಕೇನು?" ಮಾವ ಕೇಳಿದರು.

ನಾಲಗೆ ಅಭ್ಯಾಸಬಲದಿಂದ ಬೇಡ ಎನ್ನಲು ಹೊರಟಿತ್ತು. ತಡೆದೆ. "ಬೇಕು ಮಾವಾ. ತುಂಬಿದ ಕಪ್."

ಅವರು ತರಲು ಹೋದರು. ಖಾಲಿಯಾದ ಆ ಜಾಗ ತೋರಿಸಿ ಮಗಳನ್ನು ಕೇಳಿದೆ: "ನಾ ಇಲ್ಲಿ ಕುಂದರಲೇನವ್ವಾ?"

"ಬ್ಯಾಡ," ಎಂದಳು.

ನಾನು ಮೆಟ್ಟಿಲ ಮೇಲೆಯೇ ಉಳಿದೆ.